ಸಿ.ಡಿ. ಪ್ಲೇಯರ್ ಕೊಳ್ಳುವ ಮುನ್ನ ಕೊನೆಯ ಹಾಡು ಹಾಕಿ ನೋಡಿ

ಮಾನ್ಯ ಸಂಪಾದಕರೇ,

ಮನೆ ಸ್ಟೀರಿಯೊ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ, ಡಬ್ಬದ ಮೇಲೆ '24 ಬಿಟ್, 192 ಕಿಲೊಹರ್ಟ್ಸ್' ಎಂದಿರುವ ಸಿ.ಡಿ. ಪ್ಲೇಯರನ್ನೇ ಆರಿಸಿ ಎನ್ನುತ್ತದೆ. ಇದನ್ನು ನಂಬಿ ಅಂಗಡಿಗೆ ಹೋದರೆ ದುಡ್ಡು ಬೇಡದ ಕಡೆ ಹೋಗುತ್ತದೆ. 1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ಗೊತ್ತುಮಾಡಿದಂತೆ ಆಡಿಯೊ ಸಿ.ಡಿ.ಯಲ್ಲಿ ಇರುವುದೇ ಸೆಕೆಂಡಿಗೆ ಧ್ವನಿಯ 44,100 ಅಳತೆ (ಅಂದರೆ 44.1 ಕಿಲೊಹರ್ಟ್ಸ್), ಒಂದೊಂದೂ 16 ಬಿಟ್. ತಟ್ಟೆಯಲ್ಲಿ ಇಲ್ಲದ್ದನ್ನು, ಅಂಕಿಯನ್ನು ಧ್ವನಿ ಮಾಡುವ ಯಾವ ಎಲೆಕ್ಟ್ರಾನಿಕ್ ಚಿಪ್ ಕೂಡ ಬಡಿಸಲಾರದು.

ಪ್ಲೇಯರಿನಲ್ಲಿ ಮೊದಲು ಕೈಕೊಡುವುದು ಲೇಸರ್, ಮೋಟಾರು, ಟ್ರೇ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಈಗ ಕೈಗೆಟುಕುವ ಬೆಲೆಗೆ ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಮಾಲು. ಹಾಗಾಗಿ ಪರೀಕ್ಷೆ ದುಡ್ಡು ಕೊಡುವ ಮುಂಚೆಯೇ ಆಗಬೇಕು.

ಎರಡು ಡಿಸ್ಕ್ ಜೊತೆಗೊಯ್ಯಿರಿ: 70 ನಿಮಿಷ ಮೀರಿದ ಕಂಪನಿ ಡಿಸ್ಕ್ ಒಂದು, ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ ಸಿ.ಡಿ.-ಆರ್ ಒಂದು. ಟ್ರೇ ಮುಚ್ಚಿದ ಹತ್ತು ಸೆಕೆಂಡಿನೊಳಗೆ ಹಾಡುಗಳ ಸಂಖ್ಯೆ ಡಿಸ್‌ಪ್ಲೇಯಲ್ಲಿ ಮೂಡಬೇಕು. ಒಳಗೆ ಕಿರ್ರೆಂದು ಎರಡು ಮೂರು ಸಲ ತಡಕಾಡಿ ಆಮೇಲೆ ತೋರಿಸಿದರೆ ಲೆನ್ಸ್ ಮಸುಕಾಗಿದೆ, ಇಲ್ಲವೇ ಲೇಸರ್ ಸೊರಗಿದೆ. ನಂತರ ನೇರವಾಗಿ ಕೊನೆಯ ಹಾಡಿಗೆ ಹೋಗಿ. ಸಿ.ಡಿ. ಓದುವುದು ಒಳಗಿನಿಂದ ಹೊರಕ್ಕೆ. ಅಂಚಿನ ಕಡೆ ಡಿಸ್ಕಿನ ಓಲಾಟ ಹೆಚ್ಚು, ಲೇಸರ್ ಕೂತ ಗಾಡಿಯೂ ಕಂಬಿಯ ತುದಿಯವರೆಗೆ ಸಾಗಬೇಕು. ಒಣಗಿದ ಗ್ರೀಸು, ಸವೆದ ಹಲ್ಲುಚಕ್ರ ಬಯಲಾಗುವುದು ಅಲ್ಲಿ. ಕೊನೆಯ ಹಾಡು ಸರಾಗವಾಗಿ ಬಂದು ಮೊದಲನೆಯದೇ ಎಗರಿದರೆ ಡಿಸ್ಕ್ ತಿರುಗಿಸುವ ಮೋಟಾರನ್ನು ಶಂಕಿಸಿ. ಒಳಸುತ್ತಿನಲ್ಲಿ ಅದು ನಿಮಿಷಕ್ಕೆ ಸುಮಾರು 500 ಸುತ್ತು ಹಾಕಬೇಕು, ಅಂಚಿನಲ್ಲಿ 200 ಸಾಕು. ಸಿ.ಡಿ.-ಆರ್ ಬೆಳಕನ್ನು ಕಂಪನಿ ಡಿಸ್ಕಿನಷ್ಟು ಹಿಂತಿರುಗಿಸುವುದಿಲ್ಲ, ಆದ್ದರಿಂದ ಅರೆಜೀವದ ಲೇಸರ್ ಅದನ್ನು ಹಾಕಿದ ಕೂಡಲೇ ಸಿಕ್ಕಿಬೀಳುತ್ತದೆ. ಅರ್ಧ ಗಂಟೆ ಓಡಲು ಬಿಡಿ. ಬಿಸಿಯೇರಿದ ಮೇಲೆ ಮಾತ್ರ ತಪ್ಪುವ ಪ್ಲೇಯರುಗಳೂ ಇವೆ.

ಟ್ರೇ ಅರ್ಧ ಬಂದು ಮತ್ತೆ ಒಳಗೆ ಹೋದರೆ ಹೆದರಬೇಡಿ. ಗಟ್ಟಿಯಾದ ರಬ್ಬರ್ ಬೆಲ್ಟಿನ ಕಾಯಿಲೆ ಅದು. ಅದೇ ಸುತ್ತಳತೆಯ ಹೊಸ ಬೆಲ್ಟಿಗೆ ಹೆಚ್ಚು ಖರ್ಚಿಲ್ಲ. ಇದನ್ನೇ ತೋರಿಸಿ ಬೆಲೆ ಇಳಿಸಲೂಬಹುದು. ಲೇಸರ್ ವಿಷಯ ಹಾಗಲ್ಲ. ಸೋನಿ ಕೆ.ಎಸ್.ಎಸ್.-213, ಸ್ಯಾನ್ಯೊ ಎಸ್.ಎಫ್.-ಪಿ101ಎನ್ ತರಹದ ಪಿಕಪ್ (ಲೇಸರ್, ಲೆನ್ಸ್ ಎರಡೂ ಕೂತ ಭಾಗ) ಹಲವು ಕಂಪನಿಗಳ ಪ್ಲೇಯರಿನಲ್ಲಿ ಬಳಕೆಯಾಗಿರುವುದರಿಂದ ಬದಲಿ ಭಾಗ ಇವತ್ತಿಗೂ ಸಿಗುತ್ತದೆ. ಅಪರೂಪದ ಪಿಕಪ್ ಇರುವ ಪ್ಲೇಯರ್ ಎಷ್ಟೇ ಹೆಸರುವಾಸಿಯಾದರೂ ಬೇಡ. ಹೊಸ ಪಿಕಪ್ಪಿನಲ್ಲಿ ಸ್ಥಿರ ವಿದ್ಯುತ್ತಿನಿಂದ ರಕ್ಷಣೆಗೆಂದು ಹಾಕಿರುವ ಬೆಸುಗೆಯ ಚುಕ್ಕೆಯನ್ನು, ಪಟ್ಟಿ ವೈರು ಸಿಕ್ಕಿಸಿದ ಮೇಲೆ ತೆಗೆಯಬೇಕು. ಇದನ್ನು ಮರೆತು 'ಹೊಸದೂ ಕೆಟ್ಟಿದೆ' ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಇನ್ನು ಕೆಲವರು ಪಿಕಪ್ಪಿನ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಲೇಸರಿನ ಶಕ್ತಿ ಏರಿಸಿ ಕೊಡುತ್ತಾರೆ. ಅಂಗಡಿಯಲ್ಲಿ ಅಚ್ಚುಕಟ್ಟಾಗಿ ಹಾಡುತ್ತದೆ, ಮನೆಗೆ ಬಂದ ಮೇಲೆ ಬೇಗ ಸುಟ್ಟುಹೋಗುತ್ತದೆ.

ಹಳೆಯ ಡಿ.ವಿ.ಡಿ. ಪ್ಲೇಯರ್ ಸಾಕಲ್ಲವೇ ಎನ್ನುವವರಿಗೆ: ಸಿನಿಮಾ ಹಾಡಿಗೆ ಧಾರಾಳವಾಗಿ ಸಾಕು. ಸಂಗೀತ ಕಚೇರಿ ಕೇಳುವವರಿಗೆ ಕಿರಿಕಿರಿ, ಏಕೆಂದರೆ ಆಲಾಪನೆ ಮುಗಿದು ಕೃತಿ ಶುರುವಾಗುವ ಕಡೆ ಟ್ರ್ಯಾಕ್ ಬದಲಾದರೆ ಅನೇಕ ಡಿ.ವಿ.ಡಿ. ಪ್ಲೇಯರುಗಳು ನಡುವೆ ಮೌನ ತುರುಕಿ ತಂಬೂರಿಯ ಶ್ರುತಿಯನ್ನೇ ಕತ್ತರಿಸುತ್ತವೆ. ಎಂ.ಪಿ.3 ಡಿಸ್ಕುಗಳ ರಾಶಿ ಇದ್ದರೆ ಮಾತ್ರ ಮುಂಭಾಗದಲ್ಲಿ 'ಎಂ.ಪಿ.3' ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ.

ಎರಡು ಪ್ಲೇಯರ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿ. ತುಸು ಜೋರಾಗಿರುವುದೇ ಕಿವಿಗೆ ಚೆನ್ನ ಅನಿಸುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ವಿದೇಶದಿಂದ ಬಂದ ಪ್ಲೇಯರಾದರೆ ಹಿಂಬದಿಯ ಚೀಟಿ ಓದಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆಯೇ. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಕರೆಂಟು ಕುಸಿಯುವ ಹಳ್ಳಿಗಳಲ್ಲಿ ಸಣ್ಣ ಸ್ಟೆಬಿಲೈಜರ್ ಇರಲಿ. ಪ್ಲೇಯರನ್ನು ಆಂಪ್ಲಿಫೈಯರ್ ತಲೆಯ ಮೇಲೆ ಕೂರಿಸಬೇಡಿ, ದೇವರ ಕೋಣೆಯ ಬಾಗಿಲ ಪಕ್ಕವೂ ಬೇಡ. ಊದುಬತ್ತಿಯ ಹೊಗೆ ಲೆನ್ಸಿನ ಮೇಲೆ ತೆಳುವಾಗಿ ಕೂರುತ್ತದೆ. ವೈರು ಕಳಚಿ, ಮುಚ್ಚಳ ತೆಗೆದು, ಹತ್ತಿಯ ಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಲೆನ್ಸನ್ನು ಹೂವಿನಂತೆ ಒರೆಸಿ. ಕೂದಲೆಳೆಯ ತಂತಿಗಳ ಮೇಲೆ ತೂಗುವ ಲೆನ್ಸು ಅದು, ಒತ್ತಿದರೆ ಹೋಯಿತು.

ಜೋಡಿಸುವಾಗ ಕೆಂಪು-ಬಿಳಿ ವೈರುಗಳು ಆಂಪ್ಲಿಫೈಯರಿನ 'ಸಿ.ಡಿ.' ಅಥವಾ 'ಆಕ್ಸ್' ತೂತಿಗೆ ಹೋಗಲಿ. ಗ್ರಾಮಫೋನಿನ ಕೆಲವೇ ಮಿಲಿವೋಲ್ಟ್‌ಗೆಂದು ಇರುವ 'ಫೋನೊ'ಗೆ ಪ್ಲೇಯರಿನ 2 ವೋಲ್ಟ್ ಕೊಟ್ಟರೆ ಧ್ವನಿ ಒಡೆದು ಬರುತ್ತದೆ. ನಿಮ್ಮ ಆಂಪ್ಲಿಫೈಯರಿನಲ್ಲಿ ಆಪ್ಟಿಕಲ್ ಇನ್‌ಪುಟ್ (ಡಿಸ್ಕಿನ ಅಂಕಿಗಳನ್ನು ಬೆಳಕಿನ ಕೇಬಲ್ಲಿನಲ್ಲಿ ಪಡೆಯುವ ತೂತು) ಇದ್ದರೆ ಇನ್ನೂ ಸಲೀಸು. ಆಗ ಅಂಕಿಯನ್ನು ಧ್ವನಿ ಮಾಡುವ ಕೆಲಸ ಆಂಪ್ಲಿಫೈಯರಿನದ್ದೇ. ಆಪ್ಟಿಕಲ್ ಔಟ್‌ಪುಟ್ ಇದ್ದು ಡಿಸ್ಕನ್ನು ತಪ್ಪದೆ ಓದುವ ಯಾವ ಸಾಮಾನ್ಯ ಪ್ಲೇಯರಾದರೂ ನಡೆಯುತ್ತದೆ, ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ. ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದೇ ಸಿಕ್ಕಿಸಿ.

– ಓದುಗ, ಕುವೆಂಪುನಗರ, ಮೈಸೂರು