ಫ್ರಿಜ್ಜಿಗೆ ಬೇರೆಯೇ ಬ್ಯಾಟರಿ: ನಮ್ಮ ಜೋಡಣೆಯ ಕ್ರಮ ಬದಲಾಗುತ್ತಿರುವ ಬಗ್ಗೆ ಗ್ರಾಹಕರಿಗೆ ಪತ್ರ

ಉಡುಪಿ

ಮಾನ್ಯ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು.

ಪಿಕಪ್, ಟೆಂಪೊ ಮತ್ತು ಲಾರಿಗಳಲ್ಲಿ ಒಯ್ಯುವ ಸಣ್ಣ ಫ್ರಿಜ್ಜುಗಳಿಗೆ ವಾಹನದಿಂದಲೇ ಕರೆಂಟು ಒದಗಿಸುವ ಜೋಡಣೆಯನ್ನು ನಮ್ಮ ವರ್ಕ್‌ಶಾಪ್ ಹಲವು ವರ್ಷಗಳಿಂದ ತಮಗೆ ಮಾಡಿಕೊಡುತ್ತ ಬಂದಿದೆ. ಬರುವ ಜೂನ್ 1ರಿಂದ ಈ ಕೆಲಸದ ಕ್ರಮ ಬದಲಾಗಲಿದೆ. ಇಂಜಿನ್ನಿಗೆ ಸೆಲ್ಫ್ ಕೊಡುವ ಬ್ಯಾಟರಿಯಿಂದ ಫ್ರಿಜ್ಜಿಗೆ ನೇರವಾಗಿ ವೈರು ಎಳೆದುಕೊಡುವುದನ್ನೂ, ಎರಡನೇ ಬ್ಯಾಟರಿ ಇಟ್ಟ ಕಡೆ ಎರಡರ ನಡುವೆ ಬರೀ ಒಂದು ರಿಲೇ (ಎರಡು ಬ್ಯಾಟರಿಗಳನ್ನು ತಾನಾಗಿ ಸೇರಿಸಿ ಬಿಡಿಸುವ ಸ್ವಿಚ್ಚು) ಕೂರಿಸಿ ಕೆಲಸ ಮುಗಿಸುವುದನ್ನೂ ನಾವು ಪೂರ್ತಿಯಾಗಿ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಫ್ರಿಜ್ಜಿಗೆಂದೇ ಪ್ರತ್ಯೇಕ ಬ್ಯಾಟರಿ, ಅದನ್ನು ತುಂಬಲು ಡಿಸಿ-ಡಿಸಿ ಚಾರ್ಜರ್ (ವಾಹನದ ಕರೆಂಟನ್ನು ಎರಡನೇ ಬ್ಯಾಟರಿಗೆ ಹೊಂದುವಂತೆ ಮಾಡಿ ತುಂಬುವ ಸಾಧನ), ಎರಡೂ ಬ್ಯಾಟರಿಗಳ ಬುಡದಲ್ಲಿ ಫ್ಯೂಸ್ ಇರುವ ಕೆಲಸವನ್ನು ಮಾತ್ರ ಒಪ್ಪಿಕೊಳ್ಳುತ್ತೇವೆ. ಇದರಿಂದ ತಮಗೆ ತಗಲುವ ಖರ್ಚು ಹಿಂದಿನ ಎರಡು ಪಟ್ಟಿಗೂ ಮೀರುತ್ತದೆ. ಅಷ್ಟು ಹಣ ಕೇಳುವವರು ಕಾರಣವನ್ನೂ ಬಿಡಿಸಿ ಹೇಳಬೇಕಾದದ್ದು ನ್ಯಾಯವಾದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಮಲ್ಪೆಯ ದಕ್ಕೆಯಿಂದ ಮೀನು ತುಂಬಿಕೊಂಡು ಸಕಲೇಶಪುರ, ಹಾಸನದ ಕಡೆಗೆ ಹೋಗುವ ನಮ್ಮ ಗ್ರಾಹಕರೊಬ್ಬರ ಪಿಕಪ್ ಮಳೆಗಾಲದ ಒಂದು ರಾತ್ರಿ ಶಿರಾಡಿ ಘಾಟಿಯಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ಲಾರಿಯೊಂದು ಅಡ್ಡ ನಿಂತು ರಸ್ತೆ ಬಂದ್ ಆಗಿತ್ತು. ಬಂಗುಡೆ, ಬೂತಾಯಿ ಎಲ್ಲ ಹಿಂದೆ ಐಸಿನ ಪೆಟ್ಟಿಗೆಗಳಲ್ಲಿತ್ತು; ಹೋಟೆಲಿಗೆ ಕೊಡಬೇಕಾಗಿದ್ದ ಅಂಜಲಿನ ತುಂಡುಗಳೂ ಸುಲಿದ ಸಿಗಡಿಯೂ ಸೀಟಿನ ಹಿಂದೆ ಇಟ್ಟ 45 ಲೀಟರಿನ ಫ್ರಿಜ್ಜಿನಲ್ಲಿದ್ದವು. ಇಂಜಿನ್ ಆಫ್ ಆದ ಮೇಲೆ ಫ್ರಿಜ್ಜು ಎರಡನೇ ಬ್ಯಾಟರಿಯನ್ನಷ್ಟೇ ಬಳಸಬೇಕು, ಸೆಲ್ಫ್ ಬ್ಯಾಟರಿಯನ್ನು ಮುಟ್ಟಬಾರದು ಎಂದೇ ನಾವು ಅದಕ್ಕೆ ರಿಲೇ ಹಾಕಿದ್ದೆವು. ಬೆಳಗಿನ ಜಾವ ದಾರಿ ತೆರೆದಾಗ ಅವರು ಕೀ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಎರಡೂ ಬ್ಯಾಟರಿಗಳು ಒಟ್ಟಿಗೆ ಇಳಿದುಹೋಗಿದ್ದವು. ಹಿಂದಿನ ಲಾರಿಯ ಚಾಲಕರು ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸುವ ಹೊತ್ತಿಗೆ ಫ್ರಿಜ್ಜಿನೊಳಗಿನ ಸರಕು ಕೊಡುವ ಸ್ಥಿತಿಯಲ್ಲಿ ಉಳಿದಿರಲಿಲ್ಲ.

ವಾಹನ ನಮ್ಮಲ್ಲಿಗೆ ಬಂದ ಮೇಲೆ ಆ ರಿಲೇಯ ಮುಚ್ಚಳ ಬಿಚ್ಚಿ ನೋಡಿದೆವು. ಒಳಗೆ ಒಂದನ್ನೊಂದು ಮುಟ್ಟಿ ಬಿಡಬೇಕಾದ ಎರಡು ಬಿಲ್ಲೆಗಳು ಕರಿಹಿಡಿದು, ಅಂಚಿನಲ್ಲಿ ಕರಗಿ, ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿದ್ದವು. ಸ್ಕ್ರೂಡ್ರೈವರಿನ ತುದಿ ತೂರಿಸಿ ಮೀಟಿದರೂ ಬಿಡಲಿಲ್ಲ. ಖಾಲಿಯಾದ ಬ್ಯಾಟರಿಗೆ ತುಂಬಿದ ಬ್ಯಾಟರಿ ಒಮ್ಮೆಲೇ ಸೇರಿದಾಗ ಹರಿಯುವ ಕರೆಂಟು ಆ ಬಿಲ್ಲೆಗಳ ತಾಳಿಕೆಯನ್ನು ಮೀರಿತ್ತು. ಎಷ್ಟೋ ಸಲ ಹಾಗೆ ಸುಟ್ಟು, ಕೊನೆಗೊಮ್ಮೆ ಅವು ಬಿಡಿಸಿಕೊಳ್ಳಲಾರದೆ ಹೋದವು. ಆ ರಿಲೇಯನ್ನು ಆರಿಸಿದವರೂ ಕೂರಿಸಿದವರೂ ನಾವೇ. ನಷ್ಟವನ್ನು ನಾವು ಭರಿಸಿದೆವು, ಜೋಡಣೆಯನ್ನು ಹೊಸದಾಗಿ ಮಾಡಿಕೊಟ್ಟೆವು. ಆದರೆ ಅದೇ ಬಗೆಯ ರಿಲೇ ಇನ್ನೂ ಅನೇಕರ ವಾಹನಗಳಲ್ಲಿದೆ ಎಂಬ ಯೋಚನೆ ನಮ್ಮನ್ನು ಬಿಡಲಿಲ್ಲ. ಈ ಬದಲಾವಣೆ ಅಲ್ಲಿಂದ ಹುಟ್ಟಿದ್ದು.

ಇಂಜಿನ್ ಎಬ್ಬಿಸುವ ಬ್ಯಾಟರಿಯೂ ಫ್ರಿಜ್ಜು ನಡೆಸುವ ಬ್ಯಾಟರಿಯೂ ನೋಡಲು ಒಂದೇ ತೆರನಾದರೂ ಅವುಗಳ ಕೆಲಸ ಬೇರೆ. ಸೆಲ್ಫ್ ಬ್ಯಾಟರಿ ಕೆಲವೇ ಸೆಕೆಂಡುಗಳಲ್ಲಿ ನೂರಾರು ಆಂಪಿಯರ್ ಕೊಟ್ಟು, ಕೂಡಲೇ ಆಲ್ಟರ್ನೇಟರಿನಿಂದ, ಅಂದರೆ ನಾವೆಲ್ಲ ರೂಢಿಯಲ್ಲಿ ಡೈನಮೋ ಎನ್ನುವುದರಿಂದ, ಮರಳಿ ತುಂಬಿಕೊಳ್ಳಲೆಂದು ತೆಳು ಪ್ಲೇಟುಗಳಿಂದ ಮಾಡಿದ್ದು. ಫ್ರಿಜ್ಜು ಕೇಳುವುದು ನಾಲ್ಕೈದು ಆಂಪಿಯರ್ ಮಾತ್ರ, ಆದರೆ ರಾತ್ರಿಯಿಡೀ ಕೇಳುತ್ತದೆ. ತುಂಬಿದ ಸೀಸದ ಬ್ಯಾಟರಿ ನಿಂತಲ್ಲಿ ಸುಮಾರು 12.7 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಮುಗಿಯಿತೆಂದು ಅರ್ಥ. ಸೆಲ್ಫ್ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ವರ್ಷಗಟ್ಟಲೆ ಬಾಳಬೇಕಾದದ್ದು ಕೆಲವು ತಿಂಗಳಲ್ಲೇ ಕೈಕೊಡುತ್ತದೆ. ಬ್ಯಾಟರಿ ಬೇಗ ಹೋಯಿತೆಂದು ಅಂಗಡಿಯವರನ್ನು ದೂರುವ ಎಷ್ಟೋ ಗ್ರಾಹಕರ ವಾಹನದಲ್ಲಿ ನಿಜವಾದ ಕಾರಣ ಫ್ರಿಜ್ಜಿನ ವೈರು ಆಗಿರುವುದನ್ನು ನಾವು ಕಂಡಿದ್ದೇವೆ.

ರಿಲೇಯನ್ನು ಇನ್ನಷ್ಟು ದೊಡ್ಡದು ಹಾಕಿದರೆ ಸಾಲದೇ ಎಂದು ತಾವು ಕೇಳಬಹುದು. ಹಳೆಯ ವಾಹನಗಳಲ್ಲಿ ಅದು ಒಂದು ಮಟ್ಟಿಗೆ ನಡೆಯುತ್ತಿತ್ತು. ಇಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟಿನ ಮೇಲೆ ಕೊಡುತ್ತಿತ್ತು. ರಿಲೇ ಸುಮಾರು 13.3ಕ್ಕೆ ಎರಡೂ ಬ್ಯಾಟರಿಗಳನ್ನು ಸೇರಿಸಿ, 12.8ಕ್ಕೆ ಬಿಡಿಸುತ್ತಿತ್ತು. 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ನಂತರದ ಅನೇಕ ವಾಹನಗಳಲ್ಲಿ ಡೀಸೆಲ್ ಉಳಿಸುವುದಕ್ಕಾಗಿ ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ. ಸೆಲ್ಫ್ ಬ್ಯಾಟರಿ ತುಂಬಿತೆಂದು ಅದಕ್ಕೆ ತೋರಿದ ಕೂಡಲೇ ವೋಲ್ಟೇಜು ಕೆಳಗೆ ಬರುತ್ತದೆ, ರಿಲೇ ಬಿಟ್ಟುಕೊಳ್ಳುತ್ತದೆ, ಫ್ರಿಜ್ಜಿನ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಡಿಸಿ-ಡಿಸಿ ಚಾರ್ಜರ್ ಈ ಏರಿಳಿತವನ್ನು ಲೆಕ್ಕಿಸದೆ ಒಳಗೆ ಬಂದದ್ದನ್ನು ಎರಡನೇ ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ತಂದು, 20 ಅಥವಾ 30 ಆಂಪಿಯರ್ ಎಂದು ಗೊತ್ತುಮಾಡಿದ ಮಿತಿಯಲ್ಲೇ ತುಂಬುತ್ತದೆ. ಇಂಜಿನ್ ನಿಂತಾಗ ತಾನೂ ನಿಲ್ಲುತ್ತದೆ.

ಎರಡನೇ ಬ್ಯಾಟರಿಯಾಗಿ ನಾವು ಸಲಹೆ ಮಾಡುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆಯದನ್ನು. ಇದರ ಲೆಕ್ಕವನ್ನು ತಾವೇ ಹಾಕಿ ನೋಡಬಹುದು. ಕಂಪ್ರೆಸರ್ ಇರುವ 45 ಲೀಟರಿನ ಫ್ರಿಜ್ಜು ಓಡುವಾಗ ಸುಮಾರು 4.5 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ನಮ್ಮ ಏಪ್ರಿಲ್-ಮೇ ತಿಂಗಳ ಸೆಖೆಯಲ್ಲಿ, ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ, ಗಂಟೆಗೆ ಅರ್ಧಕ್ಕಿಂತ ತುಸು ಹೆಚ್ಚು ಹೊತ್ತು ಅದು ಓಡುತ್ತಲೇ ಇದ್ದರೆ ಸರಾಸರಿ 2.5 ಆಂಪಿಯರ್ ಆಯಿತು. 24 ಗಂಟೆಗೆ 60 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ). 100 ಆಂಪಿಯರ್ ಅವರಿನ ಸೀಸದ ಬ್ಯಾಟರಿಯಿಂದ ಅದರ ಆಯುಸ್ಸಿಗೆ ಧಕ್ಕೆ ಬಾರದಂತೆ ತೆಗೆಯಬಹುದಾದದ್ದು 50 ಮಾತ್ರ, ಅಂದರೆ 20 ಗಂಟೆ. ಅದೇ ಅಳತೆಯ ಲಿಥಿಯಂ ಬ್ಯಾಟರಿಯಿಂದ 90ರ ವರೆಗೂ ತೆಗೆಯಬಹುದು, ಅಂದರೆ 36 ಗಂಟೆ. ತೂಕವಾದರೋ ಸೀಸದ್ದರ ಅರ್ಧಕ್ಕಿಂತ ಕಡಿಮೆ. ಆದರೆ ಈ ಬ್ಯಾಟರಿಯನ್ನು ಆಲ್ಟರ್ನೇಟರಿಗೆ ನೇರವಾಗಿ ಕೊಡಬಾರದು. ಅದರ ಒಳ ಪ್ರತಿರೋಧ ತೀರಾ ಕಡಿಮೆಯಾದ್ದರಿಂದ ಸಿಕ್ಕಷ್ಟೂ ಕರೆಂಟನ್ನು ಎಳೆದುಕೊಂಡು, ಇಂಜಿನ್ ನಿಧಾನ ತಿರುಗುವ ಟ್ರಾಫಿಕ್ಕಿನಲ್ಲಿ ಆಲ್ಟರ್ನೇಟರನ್ನು ಕಾಯಿಸಿ ಸುಟ್ಟುಬಿಡಬಹುದು. ಚಾರ್ಜರ್ ಕಡ್ಡಾಯವೆಂದು ನಾವು ಪಟ್ಟುಹಿಡಿಯುವುದಕ್ಕೆ ಇದು ಇನ್ನೊಂದು ಕಾರಣ. ಇಂಜಿನ್ ಪಕ್ಕದ ಕಾವು ಇದಕ್ಕೆ ಆಗಿಬಾರದ್ದರಿಂದ ಬಾನೆಟ್ಟಿನೊಳಗೆ ಇಡುವುದಿಲ್ಲ. ಸೀಟಿನ ಹಿಂದೆಯೋ ಬಾಡಿಯ ಪೆಟ್ಟಿಗೆಯೊಳಗೋ ಕ್ಲಾಂಪ್ ಹಾಕಿ ಬಿಗಿಯುತ್ತೇವೆ.

ಮನೆಯ ಇನ್ವರ್ಟರಿನ ಹಳೆಯ ಟ್ಯೂಬುಲರ್ ಬ್ಯಾಟರಿಯನ್ನೇ ಇಡಿ ಎಂದು ಕೇಳುವವರಿದ್ದಾರೆ. ಘಾಟಿಯ ತಿರುವುಗಳಲ್ಲಿ ಆ್ಯಸಿಡ್ ತುಳುಕುವ, ಚಾರ್ಜಾಗುವಾಗ ಗ್ಯಾಸ್ ಬಿಡುವ ಬ್ಯಾಟರಿಯನ್ನು ಚಾಲಕರು ಮಲಗುವ ಕ್ಯಾಬಿನ್ನಿನೊಳಗೆ ಇಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ನಮಗೆ ಅತಿ ಹೆಚ್ಚಾಗಿ ಬರುವ ದೂರು ಇನ್ನೊಂದಿದೆ: ಬ್ಯಾಟರಿಯಲ್ಲಿ ಚಾರ್ಜು ಇದ್ದರೂ ಫ್ರಿಜ್ಜು ಮಧ್ಯರಾತ್ರಿ ತಾನಾಗಿ ಆಫ್ ಆಗುತ್ತದೆ ಎಂಬುದು. ಇದರಲ್ಲಿ ಬಹುಪಾಲು ದೋಷ ವೈರಿನದು. ನಾಲ್ಕು ಮೀಟರ್ ದೂರಕ್ಕೆ 1 ಚದರ ಮಿಲಿಮೀಟರಿನ ತೆಳು ವೈರು ಎಳೆದರೆ ಹೋಗಿಬರುವ ಎಂಟು ಮೀಟರಿನಲ್ಲಿ, 5 ಆಂಪಿಯರಿಗೆ, ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯ ಬಳಿ 12.2 ಇದ್ದರೂ ಫ್ರಿಜ್ಜಿಗೆ ಮುಟ್ಟುವುದು 11.5, ಬ್ಯಾಟರಿ ಮುಗಿಯಿತೆಂದು ತಿಳಿದು ಫ್ರಿಜ್ಜು ನಿಂತುಬಿಡುತ್ತದೆ. ಅದೇ ದೂರಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿದರೆ ನಷ್ಟ 0.2ಕ್ಕಿಂತ ಕಡಿಮೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚುವ ಪ್ಲಗ್ಗು ರಸ್ತೆಯ ಗುಂಡಿಗಳಲ್ಲಿ ಅಲುಗಿ ಬಿಸಿಯಾಗುವುದರಿಂದ ಅದನ್ನೂ ಕೈಬಿಟ್ಟು, ತಿರುಗಿಸಿ ಬಿಗಿಯುವ ಸಾಕೆಟ್ ಕೊಡುತ್ತೇವೆ. ಹಾಗೆಯೇ, ಹೆಚ್ಚಿನ ಫ್ರಿಜ್ಜುಗಳಲ್ಲಿ, ವೋಲ್ಟೇಜು ಎಷ್ಟಕ್ಕೆ ಇಳಿದಾಗ ಫ್ರಿಜ್ಜು ನಿಲ್ಲಬೇಕೆಂದು ಹೇಳಿ ಬ್ಯಾಟರಿ ಕಾಯುವ ಸೆಟ್ಟಿಂಗು ಹೈ, ಮೀಡಿಯಂ, ಲೋ ಎಂದು ಮೂರು ಹಂತಗಳಲ್ಲಿರುತ್ತದೆ. ಹೈ ಎಂಬುದು ಸೆಲ್ಫ್ ಬ್ಯಾಟರಿಯಿಂದ ನಡೆಸುವವರಿಗೆ. ಪ್ರತ್ಯೇಕ ಬ್ಯಾಟರಿ ಇದ್ದವರು ಅದನ್ನು ಲೋ ಎಂಬಲ್ಲಿಗೆ ತರಬೇಕು. ಇಷ್ಟು ಮಾಡಿದ್ದರಿಂದಲೇ ಒಬ್ಬಿಬ್ಬರ ದೂರು ಅಂಗಳದಲ್ಲೇ ಬಗೆಹರಿದಿದೆ.

ಫ್ಯೂಸಿನ ವಿಷಯದಲ್ಲಿ ನಾವು ಯಾರಿಗೂ ರಿಯಾಯಿತಿ ತೋರುವುದಿಲ್ಲ. ಎರಡೂ ತುದಿಗಳಲ್ಲಿ ಬ್ಯಾಟರಿ ಇರುವಾಗ ನಡುವಿನ ಕೇಬಲ್ ಬಾಡಿಗೆ ಉಜ್ಜಿ ಹರಿದರೆ ಬೆಂಕಿಗೆ ಬೇಕಾದ ಕರೆಂಟು ಎರಡೂ ಕಡೆಯಿಂದ ಬರುತ್ತದೆ. ಒಂದೇ ಕಡೆ ಫ್ಯೂಸ್ ಹಾಕಿದರೆ ಇನ್ನೊಂದು ಕಡೆ ತೆರೆದಿಟ್ಟಂತೆ. ಆದ್ದರಿಂದ ಪ್ರತಿ ಬ್ಯಾಟರಿಯ ಪ್ಲಸ್ ಟರ್ಮಿನಲಿನಿಂದ ಒಂದು ಗೇಣಿನ ಒಳಗೆ ಫ್ಯೂಸ್, ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬಳೆ ಇರುತ್ತದೆ. ಇದಕ್ಕೆ ನಮ್ಮ ಕಡಲ ಗಾಳಿಯನ್ನೂ ಸೇರಿಸಿಕೊಳ್ಳಬೇಕು. ದಕ್ಕೆಯಲ್ಲಿ ದಿನವೂ ಉಪ್ಪುನೀರು ಸೋರುವ ಪೆಟ್ಟಿಗೆಗಳನ್ನು ಹೊರುವ ವಾಹನದಲ್ಲಿ ಬರಿ ತಾಮ್ರದ ಲಗ್ಗು (ವೈರಿನ ತುದಿಗೆ ಒತ್ತಿ ಬೋಲ್ಟಿಗೆ ಬಿಗಿಯುವ ತುಂಡು) ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ವೈರಿನ ಸಿಪ್ಪೆ ಸುಲಿದರೆ ಒಳಗಿನ ಎಳೆಗಳು ಪುಡಿಪುಡಿಯಾಗಿ ಬೆರಳಿಗೆ ಬರುತ್ತವೆ. ತವರ ಲೇಪಿಸಿದ ಕೇಬಲ್, ಒಳಗೆ ಅಂಟು ಇದ್ದು ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಶ್ರಿಂಕ್ ಕೊಳವೆ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ, ಇವುಗಳ ಬೆಲೆಯೂ ಹೊಸ ಅಂದಾಜಿನಲ್ಲಿ ಸೇರಿದೆ.

ಲಾರಿ ಮಾಲೀಕರಲ್ಲಿ ಒಂದು ವಿಶೇಷ ವಿನಂತಿ. ದೊಡ್ಡ ಲಾರಿಗಳದು 24 ವೋಲ್ಟಿನ ವ್ಯವಸ್ಥೆ, ಎರಡು ಬ್ಯಾಟರಿಗಳು ಸಾಲಾಗಿ ಕೂಡಿರುತ್ತವೆ. 12 ವೋಲ್ಟಿನ ಉಪಕರಣಕ್ಕೆ ಅವುಗಳಲ್ಲಿ ಒಂದರಿಂದ ಮಾತ್ರ ವೈರು ತೆಗೆಯುವುದು ಹೆದ್ದಾರಿಯ ಬದಿಯ ಎಷ್ಟೋ ಕಡೆ ನಡೆಯುತ್ತದೆ. ಹಾಗೆ ಮಾಡಿದಾಗ ಆ ಒಂದು ಬ್ಯಾಟರಿ ಸದಾ ಕಡಿಮೆ ತುಂಬುತ್ತದೆ, ಇನ್ನೊಂದು ಅತಿಯಾಗಿ ತುಂಬಿ ಕುದಿಯುತ್ತದೆ, ಕೊನೆಗೆ ಎರಡೂ ಹಾಳಾಗುತ್ತವೆ. ಕಂಪ್ರೆಸರ್ ಫ್ರಿಜ್ಜುಗಳಲ್ಲಿ ಹೆಚ್ಚಿನವು 24 ವೋಲ್ಟಿಗೂ ನೇರವಾಗಿ ನಡೆಯುತ್ತವೆ. ತಮ್ಮದು ನಡೆಯುತ್ತದೆಯೇ ಎಂದು ಹಿಂಬದಿಯ ಚೀಟಿ ನೋಡಿ ನಾವು ಹೇಳುತ್ತೇವೆ. ಮುಂಬೈಗೆ ಓಡುವ ಚಾಲಕರೊಬ್ಬರು ತಮ್ಮ ಇನ್ಸುಲಿನ್ನನ್ನು ಇಂಥ ಫ್ರಿಜ್ಜಿನಲ್ಲೇ ಇಟ್ಟುಕೊಂಡು ಹೋಗುತ್ತಾರೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಿದರೆ ಮತ್ತೆ ಬಳಸುವಂತಿಲ್ಲ. ಮೀನು ಕೆಟ್ಟರೆ ಹಣ ಕೊಟ್ಟು ಸರಿಪಡಿಸಬಹುದು. ಅವರ ಲಾರಿಯ ವೈರು ಬಿಗಿಯುವಾಗ ನಮ್ಮ ಹುಡುಗರು ಪ್ರತಿ ಬೋಲ್ಟನ್ನೂ ಎರಡು ಸಲ ನೋಡಿದರು, ಈಗ ಎಲ್ಲರ ವಾಹನಕ್ಕೂ ಹಾಗೆಯೇ ನೋಡುತ್ತಾರೆ.

ಬಳಕೆಯ ಬಗ್ಗೆ ಎರಡು ಮಾತು. ಈ ಫ್ರಿಜ್ಜು ತಣ್ಣಗಿರುವುದನ್ನು ತಣ್ಣಗೆ ಉಳಿಸುತ್ತದೆ. ಬಿಸಿ ಸರಕನ್ನು ಬೇಗ ತಣಿಸಲು ಅದಕ್ಕೆ ಶಕ್ತಿಯಿಲ್ಲ. ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ತಣಿಸಿ, ತಣ್ಣಗಿನ ಸರಕನ್ನೇ ತುಂಬಿ, ಕಂಪ್ರೆಸರಿನ ಪಕ್ಕದ ಗಾಳಿಕಂಡಿಗೆ ಗೋಣಿ ಅಡ್ಡ ಬಾರದಂತೆ ಇಡಬೇಕು. ಇನ್ನು, ಮಲ್ಪೆಯಿಂದ ಮಂಗಳೂರಿಗೆ ಒಂದೂವರೆ ಗಂಟೆ ಓಡಿದರೆ 20 ಆಂಪಿಯರಿನ ಚಾರ್ಜರ್ 30 ಆಂಪಿಯರ್ ಅವರ್ ಮಾತ್ರ ತುಂಬಿಕೊಡುತ್ತದೆ, ಅದು ಒಂದು ದಿನದ ಬಳಕೆಯ ಅರ್ಧ. ಊರೊಳಗೇ ಓಡಾಡುವವರು ವಾರಕ್ಕೆರಡು ರಾತ್ರಿಯಾದರೂ ಮನೆಯ ಪ್ಲಗ್ಗಿಗೆ ಹಾಕುವ ಚಾರ್ಜರಿನಿಂದ ತುಂಬಿಸಿಕೊಳ್ಳಬೇಕಾಗುತ್ತದೆ.

ಹಿಂದೆ ನಮ್ಮಲ್ಲಿ ಜೋಡಣೆ ಮಾಡಿಸಿಕೊಂಡ ಎಲ್ಲರ ವಾಹನಗಳನ್ನೂ ನಾವು ಉಚಿತವಾಗಿ ಪರೀಕ್ಷಿಸಿಕೊಡುತ್ತೇವೆ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು ಮೀನಿನ ಪಿಕಪ್ಪುಗಳು ಹೆಚ್ಚಾಗಿ ಮನೆಯಲ್ಲೇ ಇರುವುದರಿಂದ ಆ ಅವಧಿಯನ್ನೇ ಇದಕ್ಕೆ ಗೊತ್ತುಮಾಡಿದ್ದೇವೆ. ರಿಲೇ ಅಂಟುವ ಲಕ್ಷಣ ಕಂಡರೆ ಅದನ್ನು ಅಲ್ಲೇ ಕಳಚಿ, ಸೆಲ್ಫ್ ಬ್ಯಾಟರಿಯನ್ನು ಫ್ರಿಜ್ಜಿನಿಂದ ಬೇರ್ಪಡಿಸಿ, ಎರಡನೇ ತುದಿಯ ಫ್ಯೂಸನ್ನು ನಮ್ಮ ಖರ್ಚಿನಲ್ಲೇ ಹಾಕಿಕೊಡುತ್ತೇವೆ. ಚಾರ್ಜರನ್ನೂ ಹೊಸ ಬ್ಯಾಟರಿಯನ್ನೂ ಕೂಡಲೇ ಕೊಳ್ಳಲೇಬೇಕೆಂದಿಲ್ಲ. ಹಣ ಒಟ್ಟಾಗುವವರೆಗೆ ಫ್ರಿಜ್ಜನ್ನು ಇಂಜಿನ್ ಓಡುವಾಗ ಮಾತ್ರ ನಡೆಯುವಂತೆ ಮಾಡಿಕೊಡುತ್ತೇವೆ, ನಿಂತಾಗ ಐಸ್ ಇಟ್ಟುಕೊಳ್ಳಬೇಕಾಗುತ್ತದೆ. ಈಗಾಗಲೇ ಮುಂಗಡ ಕೊಟ್ಟು ಹಳೆಯ ದರದಲ್ಲಿ ಕೆಲಸ ಒಪ್ಪಿಸಿದವರು ಹೊಸ ಕ್ರಮ ಬೇಡವೆಂದರೆ ಮುಂಗಡ ಪೂರ್ತಿ ಹಿಂತಿರುಗುತ್ತದೆ.

ಪರೀಕ್ಷೆಗೆ ಬರುವಾಗ ಫ್ರಿಜ್ಜನ್ನೂ ಅದರ ವೈರನ್ನೂ ಜೊತೆಗೆ ತರಬೇಕು, ಹಿಂದಿನ ರಾತ್ರಿಯಿಂದ ಇಂಜಿನ್ ಓಡಿಸದೆ ನಿಲ್ಲಿಸಿದ್ದ ವಾಹನವನ್ನು ಬೆಳಿಗ್ಗೆ ನೇರವಾಗಿ ನಮ್ಮಲ್ಲಿಗೆ ತಂದರೆ ಬ್ಯಾಟರಿಯ ನಿಜಸ್ಥಿತಿ ತಿಳಿಯಲು ಅನುಕೂಲವಾಗುತ್ತದೆ.

ತಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಪಾಲುದಾರರು ಮತ್ತು ಕೆಲಸಗಾರರು