ಪೀಚ್ ಸಸಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಹಿರಿಯೂರು, ಹೊಸದುರ್ಗ ಕಡೆಯವರು ಬೇಗ ಹಣ್ಣಾಗುವ ಪೀಚ್ ತಳಿ ಯಾವುದು ಅಂತ ಕೇಳಿದ್ದೀರಿ. ತಳಿಗಿಂತ ಮೊದಲು ಚಳಿಯ ಲೆಕ್ಕ ನೋಡಿ.

ಪೀಚ್ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡಲೇಬೇಕು. 7 ಡಿಗ್ರಿಗಿಂತ ಕೆಳಗಿನ ಚಳಿ ಎಷ್ಟು ಗಂಟೆ ಸಿಕ್ಕಿತು ಅನ್ನೋದರ ಮೇಲೆ ಹೂವು ನಿಂತಿದೆ. ಎಲ್ಬರ್ಟಾದಂಥ ಹಳೆ ತಳಿಗೆ 800 ಗಂಟೆಯಾದರೂ ಬೇಕು. ಫ್ಲೋರಿಡಾದಲ್ಲಿ ರೂಪಿಸಿದ ಫ್ಲೋರ್ಡಾಪ್ರಿನ್ಸ್‌ಗೆ ಸುಮಾರು 150 ಸಾಕು. ಆದರೆ ಚಿತ್ರದುರ್ಗದಲ್ಲಿ ಜನವರಿ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತೆ. ಆ 150 ಗಂಟೆಯೂ ನಮಗೆ ದಕ್ಕೋದಿಲ್ಲ.

ಮಾರುವವರು ಹೇಳುವ 'ಏಪ್ರಿಲ್ ಹಣ್ಣು' ಪಂಜಾಬಿನ ಮಾತು. ಅಲ್ಲಿ ಪ್ರತಾಪ್ ಅನ್ನೋ ತಳಿ ಏಪ್ರಿಲ್‌ನಲ್ಲಿ, ಶಾನ್-ಎ-ಪಂಜಾಬ್ ತಳಿ ಮೇ ಮೊದಲ ವಾರದಲ್ಲಿ ಹಣ್ಣಾಗುತ್ತವೆ. ಅಲ್ಲಿನ ಚಳಿಯೇ ಬೇರೆ.

ಹಾಗಾಗಿ ಎಕರೆಗಟ್ಟಲೆ ಹಾಕಬೇಡಿ, ಕೈಮುಗಿದು ಕೇಳ್ತೀನಿ. ಸಾಲ ಮಾಡಿ ಹಾಕುವ ಯೋಚನೆಯಿದ್ದರೆ ಇವತ್ತೇ ಬಿಟ್ಟುಬಿಡಿ. ಹಿತ್ತಲಲ್ಲಿ ಆಸೆಗೆ ಒಂದೆರಡು ಗಿಡ ಬೇಕಾದರೆ ಫ್ಲೋರ್ಡಾಪ್ರಿನ್ಸ್ ತನ್ನಿ. ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಒಂದೇ ಗಿಡ ಇದ್ದರೂ ನಡೆಯುತ್ತೆ. ನೀರು ನಿಲ್ಲದ ಜಾಗ ಆರಿಸಿ. ನವೆಂಬರ್‌ನಲ್ಲಿ ನೀರು ಕಡಿಮೆ ಮಾಡಿ, ಆಮೇಲೆ ಕೈಯಿಂದಲೇ ಎಲೆ ತೆಗೆದು ನೋಡಬಹುದು. ಬೆಚ್ಚಗಿನ ನಾಡುಗಳಲ್ಲಿ ಹೀಗೆ ಮಾಡಿ ಗಿಡಕ್ಕೆ ಚಿಗುರು ಹೂವು ತರಿಸ್ತಾರೆ. ಕಾಯಿ ಬರೋದು ಹಿಂದಿನ ವರ್ಷದ ಕಡ್ಡಿಯಲ್ಲಿ, ಆದ್ದರಿಂದ ಹೊಸ ಕಡ್ಡಿ ಬರೋಕೆ ಪ್ರತಿವರ್ಷ ಕೊಂಬೆ ಕತ್ತರಿಸಿ ಸವರಬೇಕು. ಕಾಯಿ ಒತ್ತಾಗಿ ಕಚ್ಚಿದರೆ ಗೇಣಿಗೊಂದು ಬಿಟ್ಟು ಉಳಿದದ್ದು ಕಿತ್ತುಹಾಕಿ. ಬೇಗ ಮಾಗುವ ತಳಿಗಳ ಹಣ್ಣು ಮೊದಲೇ ಸಣ್ಣದು.

ಯಾರಾದರೂ ಈಗಾಗಲೇ ನೆಟ್ಟಿದ್ದರೆ ತಳಿಯ ಹೆಸರು, ನೆಟ್ಟ ತಿಂಗಳು, ಗಿಡದ ಫೋಟೊ ಗುಂಪಿಗೆ ಹಾಕಿ.