ಓಡುವ ಕ್ವಾರ್ಟರ್‌ಬ್ಯಾಕ್‌ಗಳ ವಿನಿಮಯ: ಶುಕ್ರವಾರದೊಳಗೆ ಉತ್ತರಿಸಿ

ಸದಸ್ಯರೆಲ್ಲರಿಗೂ ನಮಸ್ಕಾರ. ನಮ್ಮ ಡೈನಾಸ್ಟಿ ಲೀಗ್‌ನ (ಅಮೆರಿಕನ್ ಫುಟ್‌ಬಾಲ್‌ನ ನಿಜ ಆಟಗಾರರನ್ನು ಆರಿಸಿ, ವರ್ಷದಿಂದ ವರ್ಷಕ್ಕೆ ತಂಡದಲ್ಲಿ ಉಳಿಸಿಕೊಳ್ಳುವ ಫ್ಯಾಂಟಸಿ ಆಟ) ವಿನಿಮಯ ಅವಧಿಯು ಇದೇ ಶನಿವಾರ ರಾತ್ರಿ 9 ಗಂಟೆಗೆ ಮುಗಿಯುವುದರಿಂದ, ಓಡುವ ಕ್ವಾರ್ಟರ್‌ಬ್ಯಾಕ್‌ಗಳನ್ನು (ಚೆಂಡು ಎಸೆಯುವುದರ ಜೊತೆಗೆ ತಾವೇ ಓಡಿಯೂ ಗಜ ಗಳಿಸುವವರನ್ನು) ಪಡೆಯುವ ಅಥವಾ ಬಿಟ್ಟುಕೊಡುವ ಯೋಚನೆಯಲ್ಲಿರುವವರು ದಯವಿಟ್ಟು ಗಮನಿಸಬೇಕು. ನಮ್ಮ ನಿಯಮದಂತೆ ಎಸೆತದ 25 ಗಜಕ್ಕೆ ಸಿಗುವ ಒಂದು ಅಂಕ ಓಟದಲ್ಲಿ 10 ಗಜಕ್ಕೇ ಸಿಗುತ್ತದೆ. ಆದ್ದರಿಂದ 2019ರಲ್ಲಿ ಲಮಾರ್ ಜಾಕ್ಸನ್ ಓಡಿದ 1,206 ಗಜಗಳು ಎಸೆತದ 3,015 ಗಜಗಳಿಗೆ ಸಮನಾದವು, ಆ ವರ್ಷ ಅವರು ಎಸೆದು ಗಳಿಸಿದ್ದೇ 3,127 ಗಜ. ಆದರೆ 2012ರಲ್ಲಿ 815 ಗಜ ಓಡಿದ್ದ ರಾಬರ್ಟ್ ಗ್ರಿಫಿನ್, 2013ರ ಜನವರಿಯಲ್ಲಿ ಮೊಣಕಾಲಿಗೆ ಪೆಟ್ಟಾದ ಮೇಲೆ ಮತ್ತೆ ಆ ಮಟ್ಟ ಮುಟ್ಟಲಿಲ್ಲ (ಕಾಲೇ ಕೈಕೊಟ್ಟರೆ ಯಾರೇನು ಮಾಡಿಯಾರು!). ಹಾಗಾಗಿ ವಯಸ್ಸು, ಗಾಯದ ಇತಿಹಾಸ, ಎಸೆತದ ನಿಖರತೆ ಇವನ್ನು ನೋಡಿಯೇ ಬೆಲೆ ಕಟ್ಟಿ. ಎಸೆತ ಪಳಗದವನಿಗೆ ಮೊದಲ ಸುತ್ತಿನ ಎರಡು ಆಯ್ಕೆ (ಹೊಸ ಆಟಗಾರರನ್ನು ಆರಿಸುವ ಸರದಿ) ಕೊಡುವುದು ನನ್ನ ದೃಷ್ಟಿಯಲ್ಲಿ ದುಬಾರಿ. ಪ್ರಸ್ತಾವಗಳನ್ನು ಶುಕ್ರವಾರದೊಳಗೆ ಗುಂಪಿನಲ್ಲೇ ಬರೆಯಬೇಕೆಂದೂ, ಆಸಕ್ತಿ ಇಲ್ಲದವರು ಸಹ ‘ಇಲ್ಲ’ ಎಂದು ತಿಳಿಸಬೇಕೆಂದೂ ಕೋರುತ್ತೇನೆ.